ಕೆಮ್ಮಿನ ಬಾಟಲಿ ಮತ್ತು ಅಪ್ಪನ ಹೆಸರು

ನಮ್ಮ ಮೂಗಿನ ಮೇಲೆ ಇರುವಷ್ಟು ಕಾಳಜಿ ಸರ್ಕಾರಕ್ಕೆ ನಮ್ಮ ರಸ್ತೆಗಳ ಮೇಲೆ ಇದ್ದಿದ್ದರೆ, ಆಳಂದಕ್ಕೂ ಜೇವರ್ಗಿಗೂ ಬಸ್ಸಿನಲ್ಲಿ ಓಡಾಡಿಯೇ ನನ್ನ ಸೊಂಟ ಹೋಗುತ್ತಿರಲಿಲ್ಲ. ಹಿಡಿಯಬೇಕಾದ್ದನ್ನೆಲ್ಲ ಬಿಟ್ಟು ಸರ್ಕಾರ ನಮ್ಮ ಮೂಗನ್ನೇ ಹಿಡಿಯಿತು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ, ನೆಗಡಿ ಕೆಮ್ಮಿನ ಔಷಧ ಬೇಕೆಂದರೆ ಡಾಕ್ಟರ ಚೀಟಿ ತರಬೇಕು, ರೋಗಿಯ ಹೆಸರು ಬರೆಸಬೇಕು, ಒಯ್ಯುವವರು ಸಹಿ ಮಾಡಬೇಕು, ಸಹಿ ಬಾರದವರು ಹೆಬ್ಬೆಟ್ಟು ಒತ್ತಬೇಕು ಎಂದಾಯಿತು. ನಮ್ಮ ಕಡೆ ಹೊಲ ಮಾರುವಾಗಲೂ ಇಷ್ಟು ವಿಚಾರಣೆ ಇರಲಿಲ್ಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರಂತೆ ಎಂಬ ಗಾದೆ ಇದೆಯಲ್ಲ, ಅದನ್ನು ಕಟ್ಟಿದವನು ಪುಣ್ಯವಂತ. ಅವನ ಕಾಲದಲ್ಲಿ ಮೂಗು ಕೊಯ್ದುಕೊಳ್ಳಲಿಕ್ಕೆ ಚೀಟಿ ಬೇಕಿರಲಿಲ್ಲ.

ನಾನು ಸಣ್ಣವಳಿದ್ದಾಗ, ಎಪ್ಪತ್ತರ ದಶಕದಲ್ಲಿ, ನಮ್ಮ ಮನೆ ಆಳಂದದ ಹತ್ತಿರದ ಸರಸಂಬಾದಲ್ಲಿತ್ತು. ಅಲ್ಲಿಯ ಕಿರಾಣಿ ಅಂಗಡಿಯಲ್ಲಿ ಒಂದು ಗಾಜಿನ ಭರಣಿಯಲ್ಲಿ ಪೆಪ್ಪರಮಿಂಟು, ಪಕ್ಕದ ಭರಣಿಯಲ್ಲಿ ನೆಗಡಿಯ ಹಳದಿ ಗುಳಿಗೆ. ಅಂಗಡಿಯವನು ಬೆಲ್ಲ ತೂಗಿದ ಕೈಯಲ್ಲೇ ಗುಳಿಗೆ ಎತ್ತಿ ಹಾಳೆಯಲ್ಲಿ ಕಟ್ಟುತ್ತಿದ್ದ. "ಯಾರಿಗಿ ಬೇ, ನಿಮ್ಮಪ್ಪಗೇನ?" ಎಂದು ಕೇಳುತ್ತಿದ್ದ. ವಿಚಾರಣೆ ಅಷ್ಟೇ. ಕೆಮ್ಮು ಎದೆಗಿಳಿದರೆ ಮೇಲಿನ ಹಲಗೆಯಿಂದ ಕಂದು ಬಾಟಲಿಯೊಂದು ಕೆಳಗಿಳಿಯುತ್ತಿತ್ತು. ಎರಡು ದಿನ ಹೊತ್ತಿಗೊಂದು ಚಮಚ ಕುಡಿದರೆ ಗಂಟಲು ತೆರೆಯುತ್ತಿತ್ತು. ಅದನ್ನು ಕುಡಿದು ನಮ್ಮೂರಲ್ಲಿ ಯಾರೂ ಸತ್ತದ್ದು ನಾನು ಕಾಣೆ. ಆ ಅಂಗಡಿಯವನ ಬೆಲ್ಲ ತಿಂದು ಹೊಟ್ಟೆ ಕೆಟ್ಟವರು ಮಾತ್ರ ಬೇಕಾದಷ್ಟು ಜನ ಇದ್ದರು.

ಆ ಕಂದು ಬಾಟಲಿ ನಮ್ಮ ಮನೆಗೆ ಉಪ್ಪಿನಷ್ಟೇ ಅವಶ್ಯ. ಏಕೆಂದರೆ ಅಪ್ಪನ ಕೆಲಸ ಗಂಟಲಿನದು. ನಾವು ಸರಸಂಬಾ ಬಿಟ್ಟು ಆಳಂದಕ್ಕೆ ಬಂದು ನೆಲೆಸಿದ್ದೂ ಅದೇ ಕೆಲಸಕ್ಕಾಗಿ. ಆಳಂದದ ಗಂಜಿನಲ್ಲಿ, ಅಂದರೆ ಧಾನ್ಯದ ಬಜಾರಿನಲ್ಲಿ, ಅಪ್ಪ ಒಬ್ಬ ಸಾಹುಕಾರನ ದಲಾಲಿಯ ಅಡತಿ ಅಂಗಡಿಯ ಪರವಾಗಿ ಹರಾಜಿನ ಸವಾಲು ಕೂಗುತ್ತಿದ್ದ. ರೈತರು ತಂದ ತೊಗರಿಯನ್ನು ಅಂಗಳದಲ್ಲಿ ರಾಶಿ ಸುರಿಯುತ್ತಿದ್ದರು. ಅಪ್ಪ ರಾಶಿಯ ಪಕ್ಕ ನಿಂತು, ಒಂದು ಹಿಡಿ ಎತ್ತಿ ಎಲ್ಲರಿಗೂ ತೋರಿಸಿ, ರೇಟು ಕೂಗಿ, ಖರೀದಿದಾರರಿಂದ ಅದನ್ನು ಮೇಲಕ್ಕೆ ಏರಿಸುತ್ತಾ ಹೋಗುತ್ತಿದ್ದ. ಅವನು ಗಂಜಿನಲ್ಲಿ ಕೂಗಿದರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತವರಿಗೆ ಅಂದಿನ ರೇಟು ಗೊತ್ತಾಗುತ್ತದೆ ಎಂದು ಹಮಾಲರು ಹೇಳುತ್ತಿದ್ದರು. ಖರೇ ಅಂದರೆ ಖರೇನೇ, ನಮ್ಮ ಮನೆಯ ಹಿತ್ತಲಿಗೂ ಕೇಳುತ್ತಿತ್ತು. ತೊಗರಿಯ ಧೂಳು ಆ ಗಂಟಲಿಗೆ ಹೊಕ್ಕರೆ ಮಾತ್ರ ಮುಗಿಯಿತು. ಮೊದಲು ಸೀನು, ಆಮೇಲೆ ಕೆಮ್ಮು, ಕೊನೆಗೆ ಬರೀ ಗಾಳಿ.

ಹೊರಗೆ ಅಷ್ಟು ಕೂಗುವ ಮನುಷ್ಯ ಮನೆಯಲ್ಲಿ ಒಂದು ಹೆಸರನ್ನು ಮಾತ್ರ ಒಮ್ಮೆಯೂ ಕರೆದದ್ದಿಲ್ಲ. ಅದು ಅವ್ವನ ಹೆಸರು. "ಏ", "ಇಲ್ಲಿ ಕೇಳು", "ನಿಮ್ಮವ್ವಗ ಹೇಳು", ಇಷ್ಟರಲ್ಲೇ ಅವನ ಸಂಸಾರ ನಡೆದಿತ್ತು. ಅವ್ವನದು ಇನ್ನೂ ಕಟ್ಟುನಿಟ್ಟು. ಗಂಡನ ಹೆಸರು ಹೆಂಡತಿಯ ಬಾಯಿಂದ ಬಂದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವಳ ಅವ್ವ ಹೇಳಿದ್ದಳು, ಅವಳ ಅವ್ವನಿಗೆ ಅವಳ ಅವ್ವ ಹೇಳಿದ್ದಳು. ಜನಗಣತಿಯವರು ಬಂದಾಗ ಅವ್ವ ಪಕ್ಕದ ಮನೆಯವಳನ್ನು ಕರೆದು ಅವಳ ಬಾಯಿಂದ ಹೇಳಿಸುತ್ತಿದ್ದಳು. ಅಪ್ಪನ ಹೆಸರಿನದೇ ಒಬ್ಬ ಹಾಲಿನವನು ಬರುತ್ತಿದ್ದ. ಅವನನ್ನು ಅವ್ವ ವರ್ಷಗಟ್ಟಲೆ "ಹಾಲಿನಾಂವ" ಎಂದೇ ಕರೆದಳು.

ಒಂದೇ ಒಂದು ರಿಯಾಯಿತಿ ಇತ್ತು. ಮದುವೆ, ಸೀಮಂತದಂಥ ಕಾರ್ಯದಲ್ಲಿ ಹೆಂಗಸರು ಸುತ್ತುಗಟ್ಟಿ "ಗಂಡನ ಹೆಸರು ಹೇಳು" ಎಂದು ಕಾಡಿದರೆ, ಒಡಪಿನಲ್ಲಿ ಸೇರಿಸಿ ಹೇಳಬಹುದು. ಪ್ರಾಸದ ನಡುವೆ ಹೆಸರು ಬಂದರೆ ದೋಷವಿಲ್ಲ. ಅವ್ವನ ಒಡಪು ಅವಳೇ ಕಟ್ಟಿದ್ದು:

"ಹಿತ್ತಲದಾಗ ಹೀರಿಬಳ್ಳಿ, ಅಂಗಳದಾಗ ಅವರಿಬಳ್ಳಿ,
ಗಂಜಿನಾಗ ಗುಡುಗವರು, ಮನಿಯಾಗ ಮಾತಾಡದವರು..."

ಇದರ ಬೆನ್ನಿಗೆ ಅಪ್ಪನ ಹೆಸರು, ಅದೂ ಸೆರಗು ಬಾಯಿಗೆ ಒತ್ತಿಕೊಂಡು. ಹೆಂಗಸರು "ಕೇಳಿಸಲಿಲ್ಲ, ಕೇಳಿಸಲಿಲ್ಲ" ಎಂದು ಚೀರುತ್ತಿದ್ದರು. ಅವ್ವ ಎರಡನೇ ಸಲ ಹೇಳಿದ್ದನ್ನು ನಾನು ನೋಡಿಲ್ಲ.

ಇನ್ನು ಕಾಯ್ದೆ ಬಂದ ಕಥೆ. ಕಂದು ಬಾಟಲಿಯಲ್ಲಿ ಅಮಲಿನ ಅಂಶ ಇದೆಯೆಂದು ನಮ್ಮ ಬಸ್‌ಸ್ಟ್ಯಾಂಡಿನ ಕೆಲವು ಪಡ್ಡೆ ಹುಡುಗರಿಗೆ ಹೇಗೋ ಗೊತ್ತಾಯಿತು. ನಾವು ಚಮಚದಲ್ಲಿ ಕುಡಿದದ್ದನ್ನು ಅವರು ಬಾಟಲಿಯಿಂದಲೇ ಎತ್ತಿ ಕುಡಿದರು. ಅಲ್ಲಿಯ ಮೂತ್ರಾಲಯದ ಹಿಂದೆ ಖಾಲಿ ಬಾಟಲಿಗಳ ರಾಶಿ ಬಿತ್ತು. ಸರಿ, ತಪ್ಪು ಮಾಡಿದವರು ಅವರು, ಹಿಡಿಯಬೇಕಾದದ್ದು ಅವರನ್ನು. ಆದರೆ ಅವರು ಓಡುತ್ತಾರೆ. ಕೆಮ್ಮುವ ಮುದುಕರು ಓಡುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು. ಕಿರಾಣಿ ಅಂಗಡಿಗಳಿಂದ ಬಾಟಲಿ ಮಾಯವಾಯಿತು. ಮೆಡಿಕಲ್ ಅಂಗಡಿಯವರ ಎದುರಿಗೆ ಉದ್ದನೆಯ ರಿಜಿಸ್ಟರು ಬಂತು.

ನಮ್ಮ ಓಣಿಗೆ ಹತ್ತಿರದ ಮೆಡಿಕಲ್ ಅಂಗಡಿಯ ಪಕ್ಕದಲ್ಲೇ ಸಾರಾಯಿ ಅಂಗಡಿ ಇತ್ತು. ಸರ್ಕಾರದ ಪರವಾನಗಿ ಇದ್ದದ್ದು, ಬೋರ್ಡು ಹಾಕಿದ್ದು. ಅಲ್ಲಿ ಯಾರೂ ಯಾರ ಹೆಸರನ್ನೂ ಕೇಳುತ್ತಿರಲಿಲ್ಲ. ಕೆಲವರು ಕುಡಿದ ಮೇಲೆ ತಮ್ಮ ಹೆಸರನ್ನೇ ಮರೆಯುತ್ತಿದ್ದರು, ಅದಕ್ಕೂ ಅಭ್ಯಂತರ ಇರಲಿಲ್ಲ. ಅಮಲು ಬೇಕಾದವನು ಎಡಗಡೆ ಹೋಗಿ ಎಷ್ಟು ಬೇಕೋ ಅಷ್ಟು ಕುಡಿಯಬಹುದು. ಕೆಮ್ಮು ಹೋಗಬೇಕಾದವನು ಬಲಗಡೆ ಹೋಗಿ ತಾನು ಸಂಭಾವಿತನೆಂದು ರುಜುವಾತು ಮಾಡಬೇಕು. ಸರ್ಕಾರದ ಬುದ್ಧಿಗೆ ದೃಷ್ಟಿ ತೆಗೆಯಬೇಕು ಅನ್ನಿಸುತ್ತಿತ್ತು ನನಗೆ.

ನನಗೆ ಆಗ ಜೇವರ್ಗಿಯ ಶಾಲೆಯೊಂದರಲ್ಲಿ ಮಾಸ್ತರಿಕೆ. ಅಲ್ಲೇ ಒಂದು ಕೋಣೆ ಹಿಡಿದಿದ್ದೆ, ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಆಳಂದಕ್ಕೆ ಬರುತ್ತಿದ್ದೆ. ಆ ವರ್ಷ ಸಂಕ್ರಮಣದ ರಜೆಗೆ ಮನೆಗೆ ಬಂದಾಗ ಅಪ್ಪ ಕಟ್ಟೆಯ ಮೇಲೆ ಮಫ್ಲರು ಸುತ್ತಿಕೊಂಡು ಕೂತಿದ್ದ. "ಆರಾಮ ಇದ್ದೀ ಏನಪ್ಪಾ?" ಎಂದೆ. ಅವನು ಬಾಯಿ ತೆರೆದ. ಧ್ವನಿ ಬರಲಿಲ್ಲ, ಕಮ್ಮಾರನ ಹರಿದ ತಿದಿಯಿಂದ ಬಂದಂಥ ಗಾಳಿ ಬಂತು.

ಕೆಟ್ಟ ಸಮಯಕ್ಕೆ ಬಂದಿತ್ತು ಆ ನೆಗಡಿ. ಬರುವ ಸೋಮವಾರ ಹೊಸ ತೊಗರಿಯ ಮೊದಲ ಸವಾಲು. ನಮ್ಮ ಗಂಜಿನಲ್ಲಿ ಒಂದು ರೂಢಿ ಇತ್ತು: ಅಂಗಡಿಯ ಮೊದಲ ರಾಶಿ ಯಾರ ಬಾಯಿಂದ ಏಳುತ್ತದೋ ಸುಗ್ಗಿ ಮುಗಿಯುವ ತನಕ ಅದೇ ಬಾಯಿ ನಡೆಯಬೇಕು, ನಡುವೆ ಬದಲಿಸಿದರೆ ಅಂಗಡಿಗೆ ಒಳ್ಳೆಯದಲ್ಲ. ಹದಿನೈದು ವರ್ಷದಿಂದ ಆ ಬಾಯಿ ಅಪ್ಪನದೇ ಆಗಿತ್ತು. ಈಗ ಸಾಹುಕಾರನ ತಂಗಿಯ ಮಗನೊಬ್ಬ ಕಾಲೇಜು ಬಿಟ್ಟು ಬಂದು ಅಂಗಡಿಯ ಗಾದಿಗೆ ಒರಗಿದ್ದ. ಸಾಹುಕಾರ ಅಪ್ಪನಿಗೆ ಬಾಯಿಬಿಟ್ಟೇ ಹೇಳಿದ್ದ: "ಹೋದ ವರ್ಷ ಎರಡು ಸಲ ನಿಮ್ಮ ಗಂಟಲ ಬಿದ್ದದ. ಈ ಸಲ ಮೊದಲ ರಾಶಿಗಿ ಧ್ವನಿ ಬರಲಿಲ್ಲಂದ್ರ ನಮ್ಮ ಹುಡುಗ ಕೂಗ್ತಾನ್ರಿ. ಬ್ಯಾಸರ ಮಾಡ್ಕೋಬ್ಯಾಡ್ರಿ."

"ಡಾಕ್ಟರ ಹಂತ್ಯಾಕ ಹೋಗೋಣ ನಡೀ" ಎಂದೆ ಅಪ್ಪನಿಗೆ. ಅವನು ಎರಡೂ ಕೈ ಅಲ್ಲಾಡಿಸಿದ. ನಾವು ತೋರಿಸುವ ಡಾಕ್ಟರ ದವಾಖಾನೆ ಗಂಜಿನ ಬಾಗಿಲಿಗೇ ಎದುರು. ಅಲ್ಲಿ ಹೋಗಿ ಬೆಂಚಿನ ಮೇಲೆ ಕೂತರೆ ಅರ್ಧ ತಾಸಿನಲ್ಲಿ ಸಾಹುಕಾರನಿಗೆ ಸುದ್ದಿ. "ಗಂಜಿಗಿ ಗೊತ್ತಾಗಬಾರದು" ಎಂದು ಪಿಸುಗುಟ್ಟಿದ. "ಆ ಕಂದು ಬಾಟ್ಲಿ ಒಂದು ಸಿಕ್ರ ಸೋಮವಾರಕ್ಕ ತೆರೀತದ. ಪ್ರತಿ ಸಲ ತೆರದದ."

ನನಗೆ ಅದರಲ್ಲೇನು ದೊಡ್ಡ ಕಷ್ಟ ಅನ್ನಿಸಲಿಲ್ಲ. ಓದಿದವಳು, ಸರ್ಕಾರಿ ಪಗಾರ ತಿನ್ನುವವಳು, ಚೀಲ ಹಿಡಿದು ಮೆಡಿಕಲ್ಲಿಗೆ ಹೋದೆ. ಅಂಗಡಿಯವರನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ನನ್ನ ಬಾಲ್ಯದ ಜ್ವರಗಳೆಲ್ಲ ಅವರಿಗೆ ಗೊತ್ತು.

"ಕಾಕಾ, ಕೆಮ್ಮಿಂದು ಒಂದು ಬಾಟ್ಲಿ ಕೊಡ್ರಿ."

ಕಾಕಾ ನನ್ನನ್ನು ನೋಡಿದ ರೀತಿಗೆ ನಾನೇನಾದರೂ ಪಿಸ್ತೂಲು ಕೇಳಿದೆನೋ ಅನ್ನಿಸಿತು. "ಚೀಟಿ?"

"ನಿಮಗ ಗೊತ್ತಿಲ್ಲೇನ್ರಿ ನಮ್ಮ ಮನಿ? ಅಪ್ಪಗ ಗಂಟಲ..." ಎನ್ನುತ್ತಾ ನಾಲಿಗೆ ಕಚ್ಚಿಕೊಂಡೆ.

"ಗೊತ್ತದ ತಂಗಿ, ಎಲ್ಲಾ ಗೊತ್ತದ. ನಿಮ್ಮಪ್ಪ ಗೊತ್ತು, ನಿಮ್ಮಜ್ಜ ಗೊತ್ತು. ಕಾಯ್ದೆಕ್ಕ ನೀವು ಗೊತ್ತಿಲ್ಲ. ಹೋದ ತಿಂಗಳ ಇನ್ಸ್‌ಪೆಕ್ಟರ ಬಂದು ನನಗ ಬೆವರಿಳಿಸ್ಯಾರ. ಅಂಗಡಿ ಮುಚ್ಚಿಸ್ತೇನಿ ಅಂದಾರ. ಚೀಟಿ ತರ್ರಿ, ಎರಡು ಬಾಟ್ಲಿ ಕೊಡ್ತೇನಿ."

ಬರುವಾಗ ಪಕ್ಕದ ಸಾರಾಯಿ ಅಂಗಡಿಯಿಂದ ಒಬ್ಬ ತೂರಾಡುತ್ತಾ ಹೊರಬಂದು, ನನ್ನ ಮುಖ ನೋಡಿ, "ಯಾಕ್ರೀ ಟೀಚರ, ತಬಿಯತ್ ಸರಿ ಇಲ್ಲೇನ್ರಿ?" ಎಂದು ಕೇಳಿದ. ಅಂದು ಆಳಂದದಲ್ಲಿ ನನ್ನ ಆರೋಗ್ಯ ವಿಚಾರಿಸಿದವನು ಅವನೊಬ್ಬನೇ.

ಸುದ್ದಿ ಗುಟ್ಟಾಗಿಡಬೇಕಾದ್ದರಿಂದ ನೆರೆಹೊರೆಯವರಿಗೆ ನನಗೇ ಕೆಮ್ಮು ಎಂದು ಹೇಳಿದೆವು. ಹೇಳಿದ್ದೇ ತಡ, ಓಣಿಯ ಎಲ್ಲ ಹೆಂಗಸರೂ ವೈದ್ಯರಾದರು. ಒಬ್ಬಳು ಅಜವಾನ ಸುಟ್ಟು ಹೊಗೆ ಎಳೆಯಲು ಹೇಳಿದಳು, ಇನ್ನೊಬ್ಬಳು ಶುಂಠಿ ಬೆಲ್ಲ ತಂದಳು, ಮತ್ತೊಬ್ಬಳು ಗಡಿ ಹತ್ತಿರದ ಖಜೂರಿ ಊರಿನ ತನ್ನ ಅಣ್ಣ ಲಾರಿ ಹೊಡೆಯುತ್ತಾನೆ, ಮಹಾರಾಷ್ಟ್ರದಿಂದ ತರಿಸಿಕೊಡುತ್ತೇನೆ ಎಂದಳು. ಅಪ್ಪನ ಧ್ವನಿಯನ್ನು ಕಳ್ಳಸಾಗಣೆ ಮಾಡಿಸುವಷ್ಟು ಧೈರ್ಯ ನನಗೆ ಬರಲಿಲ್ಲ. ಅಜವಾನ, ಶುಂಠಿ ಎಲ್ಲವನ್ನೂ ಬಾಗಿಲು ಹಾಕಿಕೊಂಡು ಅಪ್ಪನಿಗೇ ಕೊಟ್ಟೆವು. ಮೂಗು ಸ್ವಲ್ಪ ಬಿಟ್ಟಿತು, ಗಂಟಲು ಬಿಡಲಿಲ್ಲ.

ಶುಕ್ರವಾರ ಶಾಲೆಗೆಂದು ಜೇವರ್ಗಿಗೆ ಹೋದವಳು ಅಲ್ಲಿಯ ಒಬ್ಬ ಡಾಕ್ಟರ ಬಳಿ ನಿಂತೆ. ಅಪ್ಪನ ಪರಿಸ್ಥಿತಿ ಹೇಳಿದೆ. ಅವರು, "ರೋಗಿನ ಕರ್ಕೊಂಡ ಬರ್ರಿ" ಎಂದರು. ಆಳಂದದಿಂದ ಗುಲಬರ್ಗಾ, ಗುಲಬರ್ಗಾದಿಂದ ಜೇವರ್ಗಿ, ಆ ಧೂಳಿನಲ್ಲಿ ಕೆಮ್ಮುವವನನ್ನು ಕರೆತಂದು ಕೆಮ್ಮು ತೋರಿಸಬೇಕು! ಸಿಟ್ಟು ನೆತ್ತಿಗೇರಿತು. "ಹಂಗಾದ್ರ ನನಗೇ ಕೆಮ್ಮದ ಅಂತ ತಿಳೀರಿ" ಎಂದು ಎರಡು ಸಲ ಕೆಮ್ಮಿ ತೋರಿಸಿದೆ. ಡಾಕ್ಟರು ಎದೆಗೆ ನಳಿಗೆ ಇಟ್ಟು ಕೇಳಿ, "ಗಟ್ಟಿ ಇದ್ದೀರಿ. ಜರಾ ಸಿಟ್ಟು ಕಡಿಮಿ ಮಾಡ್ರಿ" ಎಂದು ಟಾನಿಕ್ ಬರೆದುಕೊಟ್ಟರು. ಟಾನಿಕ್‌ಗೆ ಯಾವ ರಿಜಿಸ್ಟರೂ ಇರಲಿಲ್ಲ. ಇವತ್ತಿಗೂ ಸಿಟ್ಟು ಕಡಿಮೆಯಾಗಿಲ್ಲ.

ಅತ್ತ ಅವ್ವ ಸುಮ್ಮನೆ ಕೂತಿರಲಿಲ್ಲ. ಅವಳ ತವರು ಅಫಜಲಪುರ. ಅಲ್ಲಿಯ ಹಳೆಯ ಡಾಕ್ಟರೊಬ್ಬರಿಗೆ ಅಪ್ಪನನ್ನು ಮದುವೆಯ ಕಾಲದಿಂದ ಗೊತ್ತು, ಆ ಗಂಟಲೂ ಗೊತ್ತು. ಅವ್ವ ಒಬ್ಬಳೇ ಬಸ್ಸು ಹತ್ತಿ ಹೋಗಿ, ನನ್ನ ಸೋದರಮಾವನನ್ನು ಕರೆದುಕೊಂಡು ಡಾಕ್ಟರ ಮುಂದೆ ಕೂತಿದ್ದಾಳೆ. ಹೆಸರು ವಯಸ್ಸು ಎಲ್ಲ ಸೋದರಮಾವನೇ ಹೇಳಿದ್ದಾನೆ. ಡಾಕ್ಟರು ನಕ್ಕು ಚೀಟಿ ಬರೆದುಕೊಟ್ಟಿದ್ದಾರೆ. ಬಾಟಲಿ ಮಾತ್ರ ಅಫಜಲಪುರದ ಅಂಗಡಿಯಲ್ಲಿ ಮುಗಿದಿತ್ತು. ಶನಿವಾರ ಮಧ್ಯಾಹ್ನ ನಾನು ಮನೆ ಸೇರಿದಾಗ ಅವ್ವ ಆ ಚೀಟಿಯನ್ನು ಕುಪ್ಪಸದೊಳಗಿಂದ ತೆಗೆದು ತೋರಿಸಿದಳು. ಅವಳಿಗೆ ಓದು ಬಾರದು. ಚೀಟಿಯನ್ನು ತಲೆಕೆಳಗಾಗಿ ಹಿಡಿದಿದ್ದಳು, ಆದರೆ ಎಂಥ ಜಂಬ! "ನೀ ಕಲತಾಕಿ ಟಾನಿಕ್ ತಂದಿ, ನಾ ಕಲೀದಾಕಿ ಚೀಟಿ ತಂದೇನಿ ನೋಡು" ಎಂದಳು. ಅಪ್ಪ ಕಟ್ಟೆಯ ಮೇಲೆ ಧ್ವನಿಯಿಲ್ಲದೆ ನಕ್ಕ.

ಅವ್ವ, ನಾನು ಇಬ್ಬರೂ ಮೆಡಿಕಲ್ಲಿಗೆ ಹೊರಟೆವು. ಅಂಗಡಿಯೊಳಗೆ ಸ್ಟೂಲಿನ ಮೇಲೆ ಒಬ್ಬ ಇಸ್ತ್ರಿ ಶರ್ಟಿನ ಮನುಷ್ಯ ಚಹಾ ಕುಡಿಯುತ್ತಾ ಕೂತಿದ್ದ. ಕಾಕಾ ಅವನ ಪಕ್ಕ ಕೈಕಟ್ಟಿ ನಿಂತಿದ್ದರು. ಇನ್ಸ್‌ಪೆಕ್ಟರ್. ಬಸ್‌ಸ್ಟ್ಯಾಂಡಿನಲ್ಲಿ ಬಾಟಲಿಗಳು ರಾಶಿ ಬಿದ್ದಾಗ ಒಂದು ದಿನವೂ ಕಾಣದ ಮಹಾರಾಯ ಇವತ್ತೇ ಬಂದಿದ್ದ. ಶನಿ ಶನಿವಾರವೇ ಬರಬೇಕಲ್ಲ.

ಅವ್ವ ಚೀಟಿ ಕೊಟ್ಟಳು. ಕಾಕಾ ಓದಿದರು, ರಿಜಿಸ್ಟರು ತೆರೆದರು, ಪೆನ್ನು ಹಿಡಿದರು. ಬಾಟಲಿಯನ್ನೂ ತೆಗೆದು ಮೇಜಿನ ಮೇಲೆ ಇಟ್ಟರು. ಅವ್ವನ ಕೈ ಅದರತ್ತ ಹೋಯಿತು.

"ಒಂದು ನಿಮಿಷ" ಎಂದ ಇನ್ಸ್‌ಪೆಕ್ಟರ್. "ಯಾರಿಗಮ್ಮ ಔಷಧಿ?"

"ನಮ್ಮ ಮನಿಯವರಿಗ್ರಿ."

"ಮನೆಯವರು ಅಂದ್ರೆ ಯಾರು? ಹೆಸರು ಹೇಳಿ."

ಅವ್ವ ನನ್ನತ್ತ ನೋಡಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಕೈ ಎತ್ತಿದ. "ನೀವಲ್ಲ. ಚೀಟಿ ತಂದವರು ಹೇಳಬೇಕು. ಚೀಟಿಯಲ್ಲಿರೋ ಹೆಸರು, ತಂದವರು ಹೇಳೋ ಹೆಸರು ತಾಳೆ ಆಗಬೇಕು. ಯಾರದೋ ಚೀಟಿ ಎತ್ಕೊಂಡು ಬರ್ತಾರೆ ಈಗ."

"ಸಾಹೇಬ್ರ, ಇವರ ಮನಿಯವರು ನನಗ ಗೊತ್ರಿ" ಎಂದರು ಕಾಕಾ ಮೆಲ್ಲಗೆ.

"ನಿಮಗೆ ಗೊತ್ತಿರೋದನ್ನ ನಾನು ಬರ್ಕೊಳ್ಳೋಕಾಗುತ್ತೇನ್ರಿ?"

"ನಮ್ಮ ಕಡಿ ಹೆಣ್ಮಕ್ಕಳು ಗಂಡನ ಹೆಸರು ಹೇಳಂಗಿಲ್ರಿ" ಎಂದು ನಾನು ಸಿಡಿದೆ. "ನಿಮ್ಮ ತಾಯಿ ಹೇಳ್ತಿದ್ರೇನ್ರಿ?"

ಅವನಿಗೆ ಅದು ನಾಟಿತೋ ಇಲ್ಲವೋ, ಚಹಾದ ಕಪ್ಪನ್ನು ಮಾತ್ರ ಕೆಳಗಿಟ್ಟ. "ಕಾನೂನಿಗೆ ತಾಯಿ ಇಲ್ಲಮ್ಮ" ಎಂದ. ಇಂಥ ಮಾತು ಹೇಳಲು ಇವರಿಗೆ ಎಲ್ಲಿ ತರಬೇತಿ ಕೊಡುತ್ತಾರೋ ನನಗೆ ತಿಳಿಯದು.

ನಮ್ಮ ಹಿಂದೆ ನಾಲ್ಕಾರು ಜನ ಸೇರಿದ್ದರು. ಅವ್ವನ ಮುಖ ಕೆಂಪಾಗಿತ್ತು. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಎಲ್ಲರಿಗೂ ಆಶ್ಚರ್ಯವಾಗುವಂತೆ, ಸಣ್ಣ ಧ್ವನಿಯಲ್ಲಿ ಶುರುಮಾಡಿದಳು:

"ಹಿತ್ತಲದಾಗ ಹೀರಿಬಳ್ಳಿ, ಅಂಗಳದಾಗ..."

ಹಿಂದಿನಿಂದ ಯಾರೋ ಕಿಸಕ್ಕೆಂದರು. ಇನ್ಸ್‌ಪೆಕ್ಟರ್, "ಏನಿದು? ಔಷಧಿ ಅಂಗಡೀಲಿ ಹಾಡು?" ಎಂದ. ಕಾಕಾ ಕೈಮುಗಿದರು. "ಅಕ್ಕಾ, ಒಡಪ ಬ್ಯಾಡ್ರಿ. ಬರೇ ಹೆಸರ ಹೇಳಿಬಿಡ್ರಿ. ನನ್ನ ಅಂಗಡಿ ಹೋಗ್ತದ."

ಅವ್ವ ನಿಲ್ಲಿಸಿದಳು. ಆ ಬಾಟಲಿಯನ್ನು ನೋಡಿದಳು. ನನಗೆ ಅವಳ ಲೆಕ್ಕ ಗೊತ್ತಾಯಿತು. ಹೇಳಿದರೆ ಗಂಡನ ಆಯುಷ್ಯ, ಹೇಳದಿದ್ದರೆ ಗಂಡನ ಸೋಮವಾರ. "ಬ್ಯಾಡ ಬೇ, ನಡೀ ಹೋಗೋಣ" ಎಂದು ಅವಳ ರಟ್ಟೆ ಹಿಡಿದೆ. ಅವಳು ಕೈ ಕೊಡವಿಕೊಂಡಳು. ತಲೆಯ ಮೇಲಿನ ಸೆರಗು ಜಾರಿತು, ಸರಿಮಾಡಿಕೊಳ್ಳಲಿಲ್ಲ. ಅಪ್ಪನ ಹೆಸರನ್ನು, ಅವನ ಅಪ್ಪನ ಹೆಸರನ್ನು, ಮನೆತನದ ಹೆಸರನ್ನು, ಮೂರನ್ನೂ ಸೇರಿಸಿ, ಗಂಜಿನಲ್ಲಿ ಸವಾಲು ಕೂಗಿದಷ್ಟು ಗಟ್ಟಿಯಾಗಿ ಹೇಳಿದಳು. "ಸಾಕೇನ್ರಿ? ಇನ್ನೊಮ್ಮಿ ಹೇಳ್ಲ್ಯಾ?"

ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವ್ವ ಮೂವತ್ತು ವರ್ಷ ಬಾಯಲ್ಲಿ ಕಾಪಾಡಿದ್ದನ್ನು ನಾನು ಅಚ್ಚು ಹಾಕಿಸಿದರೆ ಸರಿಯಲ್ಲ.

ಕಾಕಾ ಬರೆದುಕೊಂಡರು. ರೋಗಿಯ ಹೆಸರಿನ ಕಾಲಮಿನಲ್ಲಿ ಅಪ್ಪ, ಒಯ್ದವರ ಹೆಸರಿನ ಕಾಲಮಿನಲ್ಲಿ ಅವ್ವ, ಪಕ್ಕದಲ್ಲಿ ಅವ್ವನ ಹೆಬ್ಬೆಟ್ಟು. ಇನ್ಸ್‌ಪೆಕ್ಟರ್ ತಾಳೆ ನೋಡಿ ತಲೆಯಾಡಿಸಿದ. ದೇಶ ಉಳಿಯಿತು. ನಾವು ತಿರುಗಿದಾಗ ಹಿಂದೆ ನಿಂತಿದ್ದವರಲ್ಲಿ ಒಬ್ಬ ಸಾಹುಕಾರನ ತಂಗಿಯ ಮಗ. ಗಂಟಲು ನುಣುಪಾಗಲು ಚೀಪುವ ಗುಳಿಗೆ ಕೊಳ್ಳಲು ಬಂದಿದ್ದ. ಅದಕ್ಕೆ ಚೀಟಿ ಬೇಡ, ಹೆಸರು ಬೇಡ. ಅವ್ವನಿಗೆ ಬಹಳ ಮರ್ಯಾದೆಯಿಂದ ಕೈಮುಗಿದು, "ನಿಮ್ಮ ಮನಿಯವರಿಗಿ ಗಂಟಲ ಬಿದ್ದದೇನ್ರಿ? ಪಾಪ, ಆರಾಮ ಮಾಡ್ಲಿ" ಎಂದ. ಅವ್ವ ಅವನನ್ನು ನೋಡಲೇ ಇಲ್ಲ, ಕಣ್ಣು ನೆಲದಲ್ಲಿತ್ತು. ನಾನು ನೋಡಿದೆ.

ಮನೆಗೆ ಬಂದವಳೇ ಅವ್ವ ಮೂರು ಸಲ ಬಾಯಿ ಮುಕ್ಕಳಿಸಿದಳು. ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಳು. ಆಮೇಲೆ ನನ್ನನ್ನು ಒಳಗೆ ಕರೆದು, "ನಾ ಹೇಳಿದ್ದಲ್ಲ ಅದು, ಕಾಯ್ದೆ ಹೇಳಿಸಿದ್ದು. ಹೌದಲ್ಲ? ಅವರಿಗಿ ಏನೂ ಆಗಂಗಿಲ್ಲ ಹೌದಲ್ಲ?" ಎಂದಳು. "ಏನೂ ಆಗಂಗಿಲ್ಲ ಬೇ. ಆದ್ರ ಆ ಇನ್ಸ್‌ಪೆಕ್ಟರಗ ಆಗ್ಲಿ" ಎಂದೆ. ಅಪ್ಪನಿಗೆ ಅವಳು ಏನೂ ಹೇಳಲಿಲ್ಲ. ಚಮಚದಲ್ಲಿ ಔಷಧ ಹಿಡಿದು, "ತಗೋರಿ" ಎಂದಳು ಅಷ್ಟೇ. ಸಾಹುಕಾರನ ಹುಡುಗ ಅಲ್ಲಿದ್ದನೆಂಬುದನ್ನು ನಾನೂ ಹೇಳಲಿಲ್ಲ. ಅದು ನನ್ನ ಹೇಡಿತನ.

ರವಿವಾರ ಇಳಿಹೊತ್ತಿಗೆ ಗಂಟಲು ಅರ್ಧ ತೆರೆದಿತ್ತು. ನಾನು ಶಾಲೆಗೆ ರಜೆಯ ಅರ್ಜಿ ಕಳಿಸಿ ಉಳಿದುಕೊಂಡೆ. ಸೋಮವಾರ ಮುಂಜಾನೆ ಅಪ್ಪ ಒಗೆದ ಧೋತರ ಉಟ್ಟು, ರುಮಾಲು ಸುತ್ತಿ, ಕನ್ನಡಿಯ ಮುಂದೆ ಎರಡು ಸಲ ಕೆಳದನಿಯಲ್ಲಿ ರೇಟು ಕೂಗಿ ನೋಡಿಕೊಂಡು ಹೊರಟ. ಸವಾಲು ಶುರುವಾಗುವ ಹೊತ್ತಿಗೆ ನಾನು ಹಿತ್ತಲಲ್ಲಿ ನಿಂತು ಕಿವಿಗೊಟ್ಟೆ. ಕೂಗು ಕೇಳಿಸಿತು. ಎಳೆಯದು, ನುಣುಪಾದದ್ದು, ಅಪ್ಪನದಲ್ಲ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅವ್ವನಿಗೂ ಕೇಳಿಸಿರಬೇಕು. ಅವಳ ಬಡಿತ ಜೋರಾಯಿತು.

ಸ್ವಲ್ಪ ಹೊತ್ತಿಗೆ ಸರಸಂಬಾದ ಕಡೆಯ ಪರಿಚಯದ ಹಮಾಲನೊಬ್ಬ ಬಂದು ನಡೆದದ್ದನ್ನು ಹೇಳಿದ. ಸಾಹುಕಾರ ಎಲ್ಲರೆದುರು ಅಪ್ಪನ ಹೆಗಲ ಮೇಲೆ ಕೈಯಿಟ್ಟು, "ನಿಮ್ಮ ಗಂಟಲ ಬಿದ್ದದಂತ, ಮೆಡಿಕಲ್‌ನಾಗ ನಿಮ್ಮ ಮನಿಯವರೇ ಹೇಳ್ಯಾರಂತ. ಮನಿಯಾಗ ಇರ್ರಿ, ಹುಡುಗ ಕೂಗ್ತಾನ" ಎಂದನಂತೆ. ಅಪ್ಪ ಕೂಗಿ ತೋರಿಸಲು ಹೋದನಂತೆ, ಮೊದಲನೇ ರೇಟಿಗೇ ಧ್ವನಿ ಒಡೆಯಿತಂತೆ. ಗಂಜು ನಕ್ಕಿತಂತೆ. "ಹೆಣ್ತಿ ಬಜಾರದಾಗ ಗಂಡನ ಹೆಸರಿನ ಸವಾಲ ಮಾಡ್ಯಾಳ" ಎಂದು ಖರೀದಿದಾರನೊಬ್ಬ ಚೇಷ್ಟೆ ಮಾಡಿದನಂತೆ.

ಅವ್ವ ಬಾಗಿಲ ಬಳಿ ನಿಂತು ಎಲ್ಲ ಕೇಳಿದಳು. ಹಿಟ್ಟಿನ ಕೈಯಿಂದಲೇ ಬಾಯಿ ಬಡಿದುಕೊಂಡಳು. "ನನ್ನ ನಾಲಿಗಿ ಸುಟ್ಟು ಹೋಗ್ಲಿ. ಆಯುಷ್ಯ ಹೋಗ್ತದ ಅಂತ ಅಂಜಿದ್ದೆ, ಅವರ ಅನ್ನಾನೇ ತೆಗದೆ" ಎಂದು ಅತ್ತಳು. ನಾನು ಏನು ಹೇಳಿದರೂ ಕೇಳಲಿಲ್ಲ. ಮತ್ತೆ ಒಲೆಯ ಮುಂದೆ ಕೂತು, ಅಳುತ್ತಲೇ ರೊಟ್ಟಿ ಬಡಿಯತೊಡಗಿದಳು. ಗಂಡ ಬಂದರೆ ಬಡಿಸಬೇಕಲ್ಲ.

ಅಪ್ಪ ಬಂದ. ರುಮಾಲು ಬಿಚ್ಚಿ ಗೂಟಕ್ಕೆ ಹಾಕಿದ. ಅವನು ಬೈಯುತ್ತಾನೆ ಅಂದುಕೊಂಡೆ, ಬೈಯಲಿಕ್ಕಾದರೂ ಧ್ವನಿ ಎಲ್ಲಿಂದ ತರುತ್ತಾನೆ ಅಂದುಕೊಂಡೆ. ಅಡುಗೆಮನೆಯ ಬಾಗಿಲಿಗೆ ಹೋಗಿ ಚೌಕಟ್ಟು ಹಿಡಿದು ನಿಂತ. ಅವ್ವ ತಲೆ ಎತ್ತಲಿಲ್ಲ. ಅಪ್ಪ ಅವಳ ಹೆಸರು ಹಿಡಿದು ಕರೆದ.

ಗಾಳಿಯಂಥ ಧ್ವನಿ, ಅದರ ನಡುವೆ ಎರಡು ಕಡೆ ಒಡಕು. ರೊಟ್ಟಿಯ ಸಪ್ಪಳದಲ್ಲಿ ನನಗೇ ಸರಿಯಾಗಿ ಕೇಳಲಿಲ್ಲ. ಅವ್ವನಿಗೆ ಕೇಳಿತು. ಬಡಿತ ನಿಂತಿತು. ಹಂಚಿನ ಮೇಲಿದ್ದ ರೊಟ್ಟಿ ಸೀದು ವಾಸನೆ ಬಂದರೂ ಯಾರೂ ಅದನ್ನು ತಿರುವಿ ಹಾಕಲಿಲ್ಲ.

"ನೀ ನನ್ನ ಹೆಸರು ಹೇಳಿದಿ, ನಾ ಸತ್ತೇನೇನ? ಇಲ್ಲೇ ನಿಂತೇನಿ" ಎಂದ ಅಪ್ಪ, ಉಸಿರು ಕೂಡಿಸಿಕೊಂಡು. "ಗಂಜು ಹೋಯ್ತು, ಹೋಗ್ಲಿ. ಔಷಧ ತಾ."

ಗುರುವಾರದ ಹೊತ್ತಿಗೆ ಅವನ ಗಂಟಲು ತೆರೆದು ಧ್ವನಿ ಗಂಟೆಯಂತೆ ಮರಳಿತು. ಕಾಯ್ದೆಗೆ ಜಯವಾಗಲಿ, ಬೇಡವಾದ ಮೇಲೆ ಬಂತು. ಆ ಸುಗ್ಗಿಯೂ ಹುಡುಗನದಾಯಿತು, ಮುಂದಿನದೂ ಹುಡುಗನದೇ. ಅಪ್ಪನನ್ನು ತಕ್ಕಡಿಯ ಪಕ್ಕ ತೂಕ ನೋಡಲು ನಿಲ್ಲಿಸಿದರು. ಅಲ್ಲಿ ಬಾಯಿ ಬೇಕಿಲ್ಲ, ಕಣ್ಣಿದ್ದರೆ ಸಾಕು. ಬಸ್‌ಸ್ಟ್ಯಾಂಡಿನ ಪಡ್ಡೆ ಹುಡುಗರಿಗೆ ಬಾಟಲಿ ಸಿಗುವುದು ನಿಂತಿತೇ ಎಂದು ನೀವು ಕೇಳಬಹುದು. ಮೂತ್ರಾಲಯದ ಹಿಂದಿನ ರಾಶಿ ನಾನು ನೋಡುನೋಡುತ್ತಿದ್ದಂತೆ ಇನ್ನಷ್ಟು ಬೆಳೆಯಿತು. ಅವರು ಯಾವ ರಿಜಿಸ್ಟರಿನಲ್ಲಿ ಯಾರ ಹೆಸರು ಬರೆಸುತ್ತಿದ್ದರೋ ಸರ್ಕಾರವೇ ಬಲ್ಲದು.

ಒಂದು ಉಪಕಾರವನ್ನು ಮಾತ್ರ ನಾನು ಮರೆಯಬಾರದು. ಅಪ್ಪ ಅವ್ವನ ಮದುವೆಗೆ ಲಗ್ನಪತ್ರಿಕೆ ಅಚ್ಚಾಗಿರಲಿಲ್ಲ. ಅವ್ವನ ಬಾಯಿಂದಲೇ ಹೊರಟು ಇಬ್ಬರ ಹೆಸರೂ ಒಂದೇ ಸಾಲಿನಲ್ಲಿ ಕೂತದ್ದು ಆ ಕೆಮ್ಮಿನ ರಿಜಿಸ್ಟರಿನಲ್ಲೇ ಮೊದಲು. ಅದು ಯಾವ ಕಚೇರಿಯಲ್ಲಿ ಗೆದ್ದಲು ಹಿಡಿದಿದೆಯೋ ಗೊತ್ತಿಲ್ಲ. ಸಿಕ್ಕರೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಿದ್ದೆ, ಅದಕ್ಕೂ ಯಾರದಾದರೂ ಚೀಟಿ ಬೇಕಾಗುತ್ತಿತ್ತೇನೋ.

ಆಮೇಲೆ ಅಪ್ಪ ದಿನಾ ಸಂಜೆ ಗಂಜಿನಿಂದ ಬರುವಾಗ ಓಣಿಯ ತಿರುವಿನಿಂದಲೇ ಅವ್ವನ ಹೆಸರು ಕೂಗುತ್ತಾ ಬರುತ್ತಿದ್ದ. ಹದಿನೈದು ವರ್ಷ ತೊಗರಿಗೆ ಕೊಟ್ಟ ಧ್ವನಿ ಪೂರ್ತಿ ಅದಕ್ಕೇ. ಓಣಿಯ ಹೆಂಗಸರು ಬಾಗಿಲಿಗೆ ಬಂದು ನಗುತ್ತಿದ್ದರು. "ಸಣ್ಣಾಗಿ ಕರೀರಿ, ಮಂದಿ ಏನಂದಾರು!" ಎಂದು ಅವ್ವ ದಿನಾ ಬೈಯುತ್ತಿದ್ದಳು. ಆದರೆ ಮೊದಲನೇ ಸಲಕ್ಕೆ ಅವಳು ಓಗೊಟ್ಟದ್ದು ನಾನು ಒಂದು ದಿನವೂ ನೋಡಲಿಲ್ಲ. ಕೈಯಲ್ಲಿನ ಕೆಲಸ ನಿಲ್ಲಿಸಿ, ಅವನು ಎರಡನೇ ಸಲ ಕರೆಯುವ ತನಕ ಕಾಯುತ್ತಿದ್ದಳು.